ಸೀಟಿ ನಿಂತ ರೀಲು

ಪ್ರಶ್ನೆ: ನಾನು ಗಂಗಾವತಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹೆಂಗಸರ ಜೈಲಿನ ಕಥೆಯಿರುವ, 1970ರ ದಶಕದ ಕಡಿಮೆ ಬಜೆಟ್ಟಿನ ಮೂರು ಸಿನಿಮಾಗಳನ್ನು ಈಚೆಗೆ ಗೆಳತಿಯ ಜೊತೆ ನೋಡಿದೆ. ಎರಡು ಇಂಗ್ಲಿಷ್, ಒಂದು ಜಪಾನಿ. ಗೆಳತಿ ಅರ್ಧಕ್ಕೇ ಎದ್ದಳು. "ಗಂಡಸರ ಚಪಲಕ್ಕೆ ಮಾಡಿದ ಕಸ" ಅಂದಳು. ಅವಳ ಮಾತು ತಪ್ಪು ಅನ್ನಿಸಲಿಲ್ಲ. ಆದರೂ ನನಗೆ ಏಳಲು ಆಗಲಿಲ್ಲ. ಕೊನೆಯ ಅರ್ಧ ತಾಸನ್ನು ಎರಡು ಸಲ ನೋಡಿದೆ. ಇಂಥ ಅಗ್ಗದ ಚಿತ್ರಗಳಲ್ಲಿ ಹೀಗೆ ಹಿಡಿದು ಕೂರಿಸುವುದು ಏನು? ಮೆಚ್ಚಿದ್ದು ನನ್ನ ತಪ್ಪೇ?

ಉತ್ತರ: ನನಗಿಂತ ಬಹಳ ಚಿಕ್ಕವರು, ಹಾಗಾಗಿ ತಂಗೀ ಅಂತಲೇ ಕರೆಯುತ್ತೇನೆ. ನಿಮ್ಮ ಗೆಳತಿ ಹೇಳಿದ್ದು ನಿಜ. ನೀವು ಏಳದೆ ಕೂತದ್ದರಲ್ಲೂ ತಪ್ಪಿಲ್ಲ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಲ್ಲುತ್ತವೆ ಅನ್ನುವುದು ನನಗೆ ಮೊದಲು ತಿಳಿದದ್ದು ಟಾಕೀಸಿನ ಕ್ಯಾಬಿನ್ ಕಿಂಡಿಯಲ್ಲಿ.

ನಮ್ಮಪ್ಪ ಬಳ್ಳಾರಿಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನಿಂದ ನೇರ ಅಲ್ಲಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಆ ಹೊತ್ತಿಗೆ ಮಾರ್ನಿಂಗ್ ಶೋ ಇನ್ನೂ ನಡೆದಿರುತ್ತಿತ್ತು. ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಎರಡು ಪ್ರೊಜೆಕ್ಟರು, ಕಾರ್ಬನ್ ಕಡ್ಡಿ ಉರಿಯುವ ವಾಸನೆ. ಹೊರಗಿನ ಬಿಸಿಲಿಗೆ ಒಳಗಿನ ಕಾವು ಸೇರಿ ಅಪ್ಪನ ಬನಿಯನ್ನು ಸದಾ ತೊಯ್ದಿರುತ್ತಿತ್ತು. ಗೋಡೆಯಲ್ಲಿ ಗೇಣಗಲದ ಕಿಂಡಿ. ಅದಕ್ಕೆ ಕಣ್ಣಿಟ್ಟರೆ ಪರದೆ ಕಾಣುತ್ತದೆ, ಪರದೆಯ ಮುಂದೆ ಕೂತ ಮಂದಿಯ ತಲೆಗಳೂ ಕಾಣುತ್ತವೆ.

ಒಂದು ದಿನ ಅಲ್ಲಿ ಇಂಗ್ಲಿಷ್ ಜೈಲು ಪಿಕ್ಚರ್ ಓಡುತ್ತಿತ್ತು. 'ಎ' ಸರ್ಟಿಫಿಕೇಟ್. ಹೊರಗೆ ವಾಲ್ ಪೋಸ್ಟರಿನಲ್ಲಿ ಕಂಬಿ ಹಿಡಿದು ನಿಂತ ಹುಡುಗಿ, ಹರಿದ ಅಂಗಿ. ಸಭಾಂಗಣದಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಮೊದಲರ್ಧದಲ್ಲಿ ಕೈದಿಗಳು ಸ್ನಾನಕ್ಕೆ ಹೋದಾಗ, ಹೊಸಬಳ ತಪಾಸಣೆ ಮಾಡುವಾಗ, ನೆಲದ ಕ್ಲಾಸಿನಿಂದ ಸೀಟಿಯ ಮೇಲೆ ಸೀಟಿ. ನನಗೆ ಮೈಯೆಲ್ಲ ಮುಳ್ಳೆದ್ದಿತು. ಬುತ್ತಿ ಅಲ್ಲೇ ಇಟ್ಟು ಇಳಿದು ಹೋಗೋಣ ಅಂತಿದ್ದೆ. ಅಷ್ಟರಲ್ಲಿ ಇಂಟರ್ವಲ್ ಆಯಿತು, ಅಪ್ಪ ಊಟಕ್ಕೆ ಕೂತರು, ಡಬ್ಬಿ ವಾಪಸ್ ಒಯ್ಯಬೇಕಲ್ಲ ಅಂತ ನಾನೂ ನಿಂತೆ.

ಇಂಟರ್ವಲ್ ಆದ ಮೇಲೆ ಆ ಹೆಂಗಸರು ಪಿಸುಮಾತಿನಲ್ಲಿ ತಪ್ಪಿಸಿಕೊಳ್ಳುವ ಯೋಚನೆ ಶುರು ಮಾಡಿದರು. ಒಬ್ಬಳು ಬೀಗದ ಕೈ ನೋಡಿಟ್ಟುಕೊಂಡಳು, ಇನ್ನೊಬ್ಬಳು ಅಡುಗೆಮನೆಯಿಂದ ಏನೋ ಕದ್ದಳು, ಮತ್ತೊಬ್ಬಳು ಮೋಸ ಮಾಡಿದಳು. ಸೀಟಿ ಕಡಿಮೆಯಾಗುತ್ತ ಬಂತು. ಕೊನೆಯ ರೀಲಿನಲ್ಲಿ ಅವರು ಬಾಗಿಲು ಮುರಿದು, ತಮ್ಮನ್ನು ಹಿಂಡಿದ ವಾರ್ಡರಮ್ಮನ ಎದುರು ನಿಂತಾಗ ಇಡೀ ಟಾಕೀಸು ಗಪ್‌ಚಿಪ್. ಆ ಮೌನದಲ್ಲಿ ಕೆಳಗಿನಿಂದ ಒಂದು ಗಂಡುದನಿ ಎದ್ದಿತು: "ಬಿಡಬ್ಯಾಡವ್ವ ಅಕೀನ್ನ! ಹಾಕು!"

ಒಂದು ತಾಸಿನ ಹಿಂದೆ ಸೀಟಿ ಹೊಡೆಯುತ್ತಿದ್ದ ಆ ಕ್ಲಾಸಿನಿಂದಲೇ 'ಅವ್ವ' ಅನ್ನುವ ಮಾತು ಬಂದಿತ್ತು. ನಾನು ಅಂದಿನಿಂದ ಇಂದಿನವರೆಗೆ ಈ ಬಗೆಯ ಸಿನಿಮಾಗಳ ಬಗ್ಗೆ ಯೋಚಿಸಿರುವುದೆಲ್ಲ ಆ ಒಂದು ಕೂಗಿನ ಸುತ್ತ. ಆದರೆ ಇದನ್ನೂ ಹೇಳಿಬಿಡಬೇಕು: ಷೋ ಬಿಟ್ಟು ಹೊರಗೆ ಬಂದ ಅದೇ ಮಂದಿ, ಗೇಟಿನ ಹತ್ತಿರ ಶೇಂಗಾ ಮಾರುವ ಹೆಂಗಸಿನ ಮೇಲೆ ದಿನದಂತೆ ಮಾತು ಒಗೆದು ಹೋದರು. ಸಿನಿಮಾ ಅವರನ್ನು ತೊಳೆದು ಕಳಿಸಲಿಲ್ಲ. ಕತ್ತಲಲ್ಲಿ ಹತ್ತು ನಿಮಿಷ ಅವರನ್ನು ಬೇರೆ ಕಡೆ ನಿಲ್ಲಿಸಿತ್ತು, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಹೆಂಗಸರ ಜೈಲಿನ ಕಥೆ ಕಸದಿಂದ ಹುಟ್ಟಿದ್ದಲ್ಲ. 1933ರಲ್ಲೇ ಹಾಲಿವುಡ್ಡಿನಲ್ಲಿ ಬಾರ್ಬರಾ ಸ್ಟಾನ್‌ವಿಕ್ ನಟಿಸಿದ 'ಲೇಡೀಸ್ ದೇ ಟಾಕ್ ಅಬೌಟ್' ಬಂದಿತ್ತು. ಅದಕ್ಕೆ ಮೂಲವಾದ ನಾಟಕವನ್ನು ಬರೆದವರಲ್ಲಿ ಒಬ್ಬರು ಡೊರೊತಿ ಮೆಕಾಯ್, ಸ್ವತಃ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಶಿಕ್ಷೆ ಅನುಭವಿಸಿ ಬಂದ ನಟಿ. ಆಮೇಲೆ 1950ರಲ್ಲಿ ಜಾನ್ ಕ್ರಾಮ್‌ವೆಲ್ ನಿರ್ದೇಶನದ 'ಕೇಜ್ಡ್'. ವಾರ್ನರ್ ಬ್ರದರ್ಸ್ ಕಂಪನಿಯ ಚಿತ್ರ, ಮೂರು ಆಸ್ಕರ್ ನಾಮನಿರ್ದೇಶನ. ಹತ್ತೊಂಬತ್ತರ ಹುಡುಗಿ, ಗಂಡ ಪೆಟ್ರೋಲ್ ಬಂಕ್ ದರೋಡೆಯಲ್ಲಿ ಸತ್ತಿದ್ದಾನೆ, ಇವಳು ಕಾರಿನಲ್ಲಿ ಕೂತಿದ್ದಳು ಅನ್ನುವುದೇ ಅಪರಾಧ, ಹೊಟ್ಟೆಯಲ್ಲಿ ಕೂಸು. ಜೈಲಿನಲ್ಲಿ ಹೆರುತ್ತಾಳೆ, ತವರಿನವರು ಮಗುವನ್ನು ಒಲ್ಲೆ ಅನ್ನುತ್ತಾರೆ, ದತ್ತು ಕೊಡಬೇಕಾಗುತ್ತದೆ. ಒಂದು ಬೆಕ್ಕಿನ ಮರಿ ಸಿಗುತ್ತದೆ, ಅದೂ ಸಾಯುತ್ತದೆ. ತಲೆ ಬೋಳಿಸುತ್ತಾರೆ. ಕೊನೆಗೆ ಬಿಡುಗಡೆಯಾಗಿ ಹೊರಗೆ ನಡೆಯುವಾಗ ಅವಳ ಮುಖ ನೋಡಬೇಕು, ಒಳಗೆ ಬಂದ ಹುಡುಗಿ ಅದರಲ್ಲಿ ಎಲ್ಲೂ ಇಲ್ಲ. ಮೇಲಧಿಕಾರಿಣಿ ಅವಳ ಫೈಲು ಮುಚ್ಚಬೇಡ, ಮತ್ತೆ ಬರುತ್ತಾಳೆ ಅನ್ನುತ್ತಾಳೆ. ಮುಂದೆ ಬಂದ ಅಗ್ಗದ ಚಿತ್ರಗಳೆಲ್ಲ ಈ ಸಿನಿಮಾದಿಂದಲೇ ಸಾಮಾನು ಎತ್ತಿಕೊಂಡವು. ಏನೂ ಅರಿಯದೆ ಒಳಗೆ ಬರುವ ಹೊಸ ಹುಡುಗಿ, ಕ್ರೂರಿ ವಾರ್ಡರಮ್ಮ, ಬ್ಯಾರಕ್ಕಿನ ರಾಣಿಯಂಥ ಹಳೆಯ ಕೈದಿ, ಒಳ್ಳೆಯವಳಾದರೂ ಕೈ ಕಟ್ಟಿಹೋದ ಅಧಿಕಾರಿಣಿ.

1968ರಲ್ಲಿ, ಪರದೆಯ ಮೇಲೆ ಏನು ತೋರಿಸಬಾರದು ಅಂತ ಕಟ್ಟು ಹಾಕಿದ್ದ ಹಾಲಿವುಡ್ಡಿನ ಹಳೆಯ ನೀತಿಸಂಹಿತೆ ಹೋಗಿ, ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವ ರೇಟಿಂಗ್ ಪದ್ಧತಿ ಬಂತು. ಮೈ ತೋರಿಸಿ ದುಡ್ಡು ಮಾಡಬಹುದು ಅಂತಾಯಿತು. ಅಗ್ಗದ ಚಿತ್ರಗಳಿಗೆ ಹೆಸರಾದ ನಿರ್ಮಾಪಕ ರೋಜರ್ ಕಾರ್ಮನ್ 1970ರಲ್ಲಿ ನ್ಯೂ ವರ್ಲ್ಡ್ ಪಿಕ್ಚರ್ಸ್ ಕಂಪನಿ ಕಟ್ಟಿದರು, ಮರುವರ್ಷ ಜ್ಯಾಕ್ ಹಿಲ್ ಎಂಬ ನಿರ್ದೇಶಕನನ್ನು ಫಿಲಿಪೈನ್ಸ್‌ಗೆ ಕಳಿಸಿದರು. ಸುಮಾರು 1.25 ಲಕ್ಷ ಡಾಲರಿನಲ್ಲಿ 'ದಿ ಬಿಗ್ ಡಾಲ್ ಹೌಸ್' ತಯಾರಾಯಿತು. ಹಾಕಿದ್ದರ ಹಲವು ಪಟ್ಟು ದುಡ್ಡು ಬಂತು. ಫಿಲಿಪೈನ್ಸೇ ಯಾಕೆ ಅಂದರೆ ಅಲ್ಲಿ ಕೂಲಿ ಅಗ್ಗ, ಕಾಡು ಪುಕ್ಕಟೆ, ಪಳಗಿದ ಸ್ಟುಡಿಯೋ ಕೆಲಸಗಾರರಿದ್ದರು. ಜೈಲು ಅಂದರೆ ನಾಲ್ಕು ಗೋಡೆ, ಕಂಬಿ, ಒಂದೇ ಬಗೆಯ ಬಟ್ಟೆ. ಸೆಟ್ಟಿಗೆ ಖರ್ಚಿಲ್ಲ, ಕಾಸ್ಟ್ಯೂಮಿಗೆ ಖರ್ಚಿಲ್ಲ. ಬಡ ನಿರ್ಮಾಪಕನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ?

ಆ ಕಂಪನಿಯಲ್ಲಿ ಒಂದು ಕರಾರು ಇತ್ತು. ಇಷ್ಟಿಷ್ಟು ಹೊತ್ತಿಗೆ ಮೈ ಕಾಣಬೇಕು, ಹೊಡೆದಾಟ ಬರಬೇಕು, ನಗು ಇರಬೇಕು, ಸ್ವಲ್ಪ ಸಮಾಜದ ಮಾತೂ ಇರಬೇಕು. ಇಷ್ಟು ಕೊಟ್ಟ ಮೇಲೆ ಉಳಿದದ್ದು ನಿರ್ದೇಶಕನ ಇಷ್ಟ. ದೊಡ್ಡ ಕಂಪನಿಯಲ್ಲಿ ಯಾರೂ ಕೊಡದ ಸ್ವಾತಂತ್ರ್ಯ ಇದು. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಬನಶಂಕರಿ ಜಾತ್ರೆಯಲ್ಲಿ ಟೆಂಟು ಹಾಕುವ ನಾಟಕ ಕಂಪನಿಗಳನ್ನು ನೋಡಿದ್ದೀರಲ್ಲ? ಬೋರ್ಡಿನ ಮೇಲೆ ಕಚಗುಳಿ ಇಡುವ ಹೆಸರು, ಒಳಗೆ ಡಬಲ್ ಮೀನಿಂಗ್ ಹಾಸ್ಯ. ಆದರೆ ಮೂರನೇ ಅಂಕದಲ್ಲಿ ತಾಯಿಪಾತ್ರ ಬಂದು ನಿಂತಾಗ, ಹಾಸ್ಯಕ್ಕೆ ನಗಲು ಬಂದವರೇ ಟವೆಲ್ಲಿನಿಂದ ಕಣ್ಣೊರೆಸುತ್ತಾರೆ. ಟಿಕೆಟ್ ಮಾರುವುದು ಒಂದು, ಕೊಡುವುದು ಇನ್ನೊಂದು. ಅಪ್ಪನ ಟಾಕೀಸಿನಲ್ಲಿ ಪೋಸ್ಟರ್ ಹಚ್ಚುವ ಮುದುಕ ಮೈದಾ ಅಂಟು ಕುದಿಸುತ್ತ ಹೇಳುತ್ತಿದ್ದ: "ಪೋಸ್ಟರ್‌ನಾಗ ಇರೋದು ಪಿಚ್ಚರ್‌ನಾಗ ಇರಂಗಿಲ್ಲ, ಪಿಚ್ಚರ್‌ನಾಗ ಇರೋದು ಪೋಸ್ಟರ್‌ನಾಗ ಹಿಡಿಸಂಗಿಲ್ಲ."

ಪೋಸ್ಟರಿನಲ್ಲಿ ಹಿಡಿಸದೆ ಹೋದದ್ದು ಹೆಂಗಸರ ಸಂಖ್ಯೆ ಅಂತ ನನ್ನ ಲೆಕ್ಕ. ಆ ಕಾಲದ ಯಾವುದೇ ದೊಡ್ಡ ಸಿನಿಮಾ ತೆಗೆದುಕೊಳ್ಳಿ, ನಮ್ಮದಿರಲಿ ಅಮೆರಿಕದ್ದಿರಲಿ, ಒಬ್ಬ ನಾಯಕಿ, ಒಬ್ಬ ತಾಯಿ, ಒಬ್ಬ ಗೆಳತಿ. ಜೈಲು ಚಿತ್ರದಲ್ಲಿ ಎಂಟು ಹತ್ತು ಹೆಂಗಸರು ಒಂದೇ ಕೋಣೆಯಲ್ಲಿ. ಅಧಿಕಾರ ನಡೆಸುವವಳು, ಹೆದರುವವಳು, ಲೆಕ್ಕ ಹಾಕುವವಳು, ನಗಿಸುವವಳು, ದ್ರೋಹ ಮಾಡುವವಳು, ಕೊನೆಗೆ ಬೇರೆಯವರಿಗಾಗಿ ಸಾಯುವವಳು, ಎಲ್ಲ ಹೆಂಗಸರೇ. ಗಂಡಸರ ಬಗ್ಗೆ ಅಲ್ಲದ ಮಾತು ಆಡುತ್ತಾರೆ. ಬೀಗದ ಬಗ್ಗೆ, ಊಟದ ಬಗ್ಗೆ, ಯಾರನ್ನು ನಂಬಬೇಕು ಅನ್ನುವುದರ ಬಗ್ಗೆ. ಪ್ಯಾಮ್ ಗ್ರೀಯರ್ ಅವರನ್ನೇ ನೋಡಿ. ಸಿನಿಮಾ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡಿಕೊಂಡಿದ್ದ ಕಪ್ಪು ಹೆಣ್ಣುಮಗಳು. 1971ರಲ್ಲಿ 'ದಿ ಬಿಗ್ ಡಾಲ್ ಹೌಸ್'ನಲ್ಲಿ ಕೈದಿಯಾದರು, ಶೀರ್ಷಿಕೆ ಗೀತೆಯನ್ನೂ ಹಾಡಿದರು. ಅದೇ ವರ್ಷ ಜೆರಾರ್ಡೊ ಡಿ ಲಿಯೋನ್ ನಿರ್ದೇಶಿಸಿದ 'ವಿಮೆನ್ ಇನ್ ಕೇಜಸ್'ನಲ್ಲಿ ಕೈದಿಗಳನ್ನು ಹಿಂಸಿಸುವ ವಾರ್ಡರ್ ಆದರು. ಎರಡು ವರ್ಷದಲ್ಲಿ 'ಕಾಫಿ' ಚಿತ್ರದ ನಾಯಕಿ. ದೊಡ್ಡ ಕಂಪನಿಗಳು ಆಗ ಕಪ್ಪು ಹೆಂಗಸಿಗೆ ಇಂಥ ಬಾಗಿಲು ತೆರೆದಿರಲಿಲ್ಲ. ಈ ಕೊಳಕು ಓಣಿಯಲ್ಲಿ ಹಾದೇ ಅವರು ನಡುಬೀದಿಗೆ ಬಂದರು.

ಇನ್ನೊಂದು ಕಾರಣ ನಿಮ್ಮಂಥ ನೋಡುಗಿಯರಿಗೆ ಸೇರಿದ್ದು. ಇದನ್ನು ಮೊದಲ ಸಲ ನನಗೆ ತೋರಿಸಿಕೊಟ್ಟವಳು ನಮ್ಮ ಫಿಲ್ಮ್ ಸೊಸೈಟಿಗೆ ಬರುತ್ತಿದ್ದ ಹುಡುಗಿ, ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದವಳು. 'ಕೇಜ್ಡ್' ಮುಗಿದ ಮೇಲೆ ಚರ್ಚೆಯಲ್ಲಿ ಎಲ್ಲರೂ ಬೆಳಕು, ನೆರಳು, ಕ್ಯಾಮೆರಾ ಅಂತ ಮಾತಾಡಿದರು. ಅವಳು ಎದ್ದು, "ಮೇಡಂ, ನಮ್ಮ ಹಾಸ್ಟೆಲಿನ್ಯಾಗೂ ಸಂಜಿ ಏಳಕ್ಕ ಗೇಟ್ ಹಾಕ್ತಾರ. ಮನಿಯಿಂದ ಬಂದ ಕಾಗದ ವಾರ್ಡನ್ ಒಡದು ಓದೇ ಕೊಡೂದು" ಅಂದಳು. ಯಾರೂ ಮಾತಾಡಲಿಲ್ಲ.

ಬೀಗ ಯಾರ ಸೊಂಟದಲ್ಲಿದೆ, ಊಟ ಯಾರು ಬಡಿಸುತ್ತಾರೆ, ಸ್ನಾನಕ್ಕೆ ಯಾವಾಗ ಬಿಡುತ್ತಾರೆ, ಕಾಗದ ಯಾರು ಓದುತ್ತಾರೆ. ಜೈಲು ಚಿತ್ರದ ವ್ಯಾಕರಣವೇ ಇಷ್ಟು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅತ್ತೆಮನೆಯಲ್ಲಿ ಉಗ್ರಾಣದ ಕೀಲಿ ಯಾರ ಹತ್ತಿರ ಇತ್ತು ಅನ್ನುವುದರ ಮೇಲೆ ನಮ್ಮ ಅಜ್ಜಿಯಂದಿರ ಇಡೀ ಆಯುಷ್ಯ ನಡೆದಿದೆ. ಇವತ್ತಿಗೂ ಕೌಲ್‌ಬಜಾರಿನ ಕಡೆ ಜೀನ್ಸ್ ಹೊಲಿಯುವ ಹೆಣ್ಣುಮಗಳು ಎಷ್ಟು ಗಂಟೆಗೆ ಹೊರಟಳು, ಎಷ್ಟಕ್ಕೆ ಮನೆ ಸೇರಿದಳು ಅನ್ನುವ ಲೆಕ್ಕ ಇಡಲು ಓಣಿಯೇ ಇದೆ. ಮನೆಯಲ್ಲಿ ಇದಕ್ಕೆ ಕಾಳಜಿ, ಮರ್ಯಾದೆ ಅಂತೆಲ್ಲ ಹೆಸರಿರುತ್ತದೆ. ಸಿನಿಮಾ ಆ ಹೆಸರುಗಳನ್ನು ಕಿತ್ತು ಹಾಕಿ ಬರೀ ಕಂಬಿ ಉಳಿಸುತ್ತದೆ. ಅದಕ್ಕೇ ಅದು ಅಷ್ಟು ಬೇಗ ಅರ್ಥವಾಗುತ್ತದೆ. ಕೊನೆಯ ಅರ್ಧ ತಾಸು ಎರಡು ಸಲ ನೋಡಿದೆ ಅಂತ ಬರೆದಿದ್ದೀರಿ. ಗೇಟು ಮುರಿಯುವುದನ್ನು ಎರಡು ಸಲ ನೋಡಿದಿರಿ ಅಂತ ನಾನು ಓದಿಕೊಂಡೆ.

ಮೊದಲು ಅವಮಾನ, ಆಮೇಲೆ ಸೇಡು ಅನ್ನುವ ಕಟ್ಟು ಎಲ್ಲಿಂದಲೋ ಬಂದದ್ದು ಅಂತ ತಿಳಿಯಬೇಡಿ. ನಮ್ಮ ಸೀಮೆಯ ದೊಡ್ಡಾಟದಲ್ಲಿ ದ್ರೌಪದಿ ವಸ್ತ್ರಾಪಹರಣವನ್ನು ಊರಿಗೆ ಊರೇ ರಾತ್ರಿಯಿಡೀ ಕೂತು ನೋಡುತ್ತದೆ. ಸೀರೆ ಎಳೆಯುವುದನ್ನೂ ನೋಡುತ್ತದೆ, ಭೀಮನ ಪ್ರತಿಜ್ಞೆಗೂ ಕಾಯುತ್ತದೆ. ಆದರೆ ನಮ್ಮ ಕಥೆಯಲ್ಲಿ ತೊಡೆ ಮುರಿಯುವವನು ಭೀಮ. ಜೈಲು ಚಿತ್ರದಲ್ಲಿ ಗದೆ ಹಿಡಿಯುವವಳು ದ್ರೌಪದಿಯೇ. 1985ರಲ್ಲಿ ಟಿ. ಕೃಷ್ಣ ನಿರ್ದೇಶನದ ತೆಲುಗು ಚಿತ್ರ 'ಪ್ರತಿಘಟನ' ಬಂದಾಗ ಬಳ್ಳಾರಿ ಅದನ್ನು ತನ್ನದೇ ಸಿನಿಮಾ ಅನ್ನುವಂತೆ ನೋಡಿತು, ಇಲ್ಲಿ ತೆಲುಗು ಪರಭಾಷೆ ಅಂತ ಯಾರಿಗೂ ಅನ್ನಿಸುವುದಿಲ್ಲವಲ್ಲ. ವಿಜಯಶಾಂತಿ ಅದರಲ್ಲಿ ನಿಮ್ಮಂತೆಯೇ ಉಪನ್ಯಾಸಕಿ. ಗೂಂಡಾ ನಡುಬೀದಿಯಲ್ಲಿ ಅವಳ ಮಾನ ಕಳೆಯುತ್ತಾನೆ. ಮುಂದೆ ಕಾಲೇಜಿಗೆ ಹೋದರೆ ವಿದ್ಯಾರ್ಥಿಗಳು ಬೋರ್ಡಿನ ಮೇಲೆ ಅಶ್ಲೀಲ ಚಿತ್ರ ಬರೆದಿಟ್ಟಿದ್ದಾರೆ. ಅವಳು ಓಡಿಹೋಗುವುದಿಲ್ಲ. ಆ ಬೋರ್ಡಿನ ಪಕ್ಕದಲ್ಲೇ ನಿಂತು, ದುರ್ಯೋಧನ ದುಶ್ಶಾಸನರ ಹೆಸರು ಹಿಡಿದು ಹಾಡುತ್ತಾಳೆ. ತರಗತಿಯ ತಲೆಗಳು ಒಂದೊಂದಾಗಿ ಬಾಗುತ್ತವೆ. ಕೊನೆಗೆ ತುಂಬಿದ ಸಭೆಯಲ್ಲಿ ಅವಳ ಕೈಯಲ್ಲಿ ಕೊಡಲಿ. ಆ ಚಿತ್ರಕ್ಕೆ ಬಾಲ್ಕನಿ ತುಂಬ ಹೆಂಗಸರು ಬರುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಮಾರ್ನಿಂಗ್ ಶೋಗೆ ಬರಲಾರದ ನಮ್ಮ ಹೆಂಗಸರಿಗೆ ಮ್ಯಾಟಿನಿಯಲ್ಲಿ ಸಿಕ್ಕದ್ದು ಅದೇ ಸಿಟ್ಟು.

ಈಗ ಆ ಜಪಾನಿ ಚಿತ್ರ. ನೀವು ಹೆಸರು ಬರೆದಿಲ್ಲ. ಆದರೆ ಮೇಕೊ ಕಾಜಿ ನಟಿಸಿದ 'ಫೀಮೇಲ್ ಪ್ರಿಸನರ್ ಸ್ಕಾರ್ಪಿಯನ್' ಸರಣಿಯನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ತೋರು ಶಿನೋಹರಾ ಅವರ ಕಾಮಿಕ್ಸಿನಿಂದ ತೋಯೆ ಕಂಪನಿ ತೆಗೆದದ್ದು. 1972 ಮತ್ತು 1973, ಎರಡೇ ವರ್ಷದಲ್ಲಿ ಕಾಜಿ ಅವರ ನಾಲ್ಕು ಚಿತ್ರ ಬಂದವು, ಮೊದಲ ಮೂರರ ನಿರ್ದೇಶಕ ಶುನ್ಯಾ ಇತೊ. ಕಾಜಿ ಮೊದಲು ನಿಕ್ಕಾತ್ಸು ಕಂಪನಿಯಲ್ಲಿದ್ದರು. ಆ ಕಂಪನಿ 1971ರಲ್ಲಿ ಕಾಮದ ಚಿತ್ರಗಳ ಕಡೆ ಹೊರಳಿದಾಗ ಬಿಟ್ಟು ಬಂದರು. ಮೈ ಮಾರುವ ಕಂಪನಿ ಬಿಟ್ಟು ಬಂದ ನಟಿ, ಮೈ ತೋರಿಸಿ ಮಾರುವ ಜೈಲು ಚಿತ್ರದಲ್ಲೇ ಮಾತಿಲ್ಲದೆ, ಬರೀ ನೋಟದಲ್ಲಿ ಗೆದ್ದರು.

ಎರಡನೆಯ ಚಿತ್ರ 'ಜೈಲ್‌ಹೌಸ್ 41' ಶುರುವಾಗುವುದು ಒಂದು ಶಬ್ದದಿಂದ. ಕರ್, ಕರ್, ಕರ್. ನೆಲದಡಿಯ ಕತ್ತಲ ಕೋಣೆ, ಕಾಜಿ ಮಾಡಿದ ಕೈದಿಯ ಕೈಕಾಲು ಹೆಡೆಮುರಿ ಕಟ್ಟಿ ಒಗೆದಿದ್ದಾರೆ. ಬಾಯಲ್ಲಿ ಒಂದು ಚಮಚ ಕಚ್ಚಿಕೊಂಡು, ಅದರ ಹಿಡಿಯನ್ನು ಕಲ್ಲುನೆಲಕ್ಕೆ ಉಜ್ಜಿ ಉಜ್ಜಿ ಚೂಪು ಮಾಡುತ್ತಿದ್ದಾಳೆ. ಎಷ್ಟು ದಿನದಿಂದ ಅಂತ ಯಾರೂ ಹೇಳುವುದಿಲ್ಲ. ಹೇಳುವುದು ಬೇಕಾಗಿಲ್ಲ, ಆ ಶಬ್ದದಲ್ಲೇ ತಿಂಗಳುಗಳಿವೆ. ಅಡುಗೆಮನೆಯ ವಸ್ತು, ಉಣ್ಣುವ ಬಾಯಿ, ಎರಡೂ ಸೇರಿ ಆಯುಧವಾಗುತ್ತದೆ. ನಾನು ಇದನ್ನು ಹತ್ತಾರು ಸಲ ನೋಡಿದ್ದೇನೆ, ಪ್ರತಿ ಸಲವೂ ಹಲ್ಲು ಜುಮ್ಮೆನ್ನುತ್ತದೆ.

ಅದೇ ಚಿತ್ರದಲ್ಲಿ, ತಪ್ಪಿಸಿಕೊಂಡ ಹೆಂಗಸರು ಪಾಳು ಊರೊಂದನ್ನು ಸೇರುತ್ತಾರೆ. ಅಲ್ಲಿ ಒಬ್ಬ ಮುದುಕಿ. ಅವಳ ಹಾಡಿನಲ್ಲಿ ಒಬ್ಬೊಬ್ಬಳ ಅಪರಾಧವೂ ಹೊರಗೆ ಬರುತ್ತದೆ, ಒಬ್ಬೊಬ್ಬಳೂ ರಂಗದ ಮೇಲೆ ಕೂತಂತೆ ಕೂತಿರುತ್ತಾಳೆ. ಬೆಳಕು ಬದಲಾಗುತ್ತದೆ, ಹಿನ್ನೆಲೆ ಮಾಯವಾಗುತ್ತದೆ. ಜಪಾನಿನ ನಾಟಕಶೈಲಿ ಅದು. ನನಗೆ ಮಾತ್ರ ನೋಡಿದ ಕೂಡಲೇ ನಮ್ಮ ಬಯಲಾಟ ನೆನಪಾಯಿತು. ಪಾತ್ರ ರಂಗಕ್ಕೆ ಬಂದು, ಸಾರಥಿ "ತಾವು ಯಾರು?" ಅಂತ ಕೇಳಿ, ತನ್ನ ಕಥೆ ತಾನೇ ಹಾಡಿ ಹೇಳುವುದಿಲ್ಲವೇ, ಅದೇ ಕ್ರಮ. ಪತ್ರಿಕೆಯ ಅಪರಾಧ ಪುಟದಲ್ಲಿ ಎರಡು ಸಾಲಾಗಿ ಹೋಗುವ ಹೆಂಗಸಿಗೆ ಇಲ್ಲಿ ಒಂದು ಪದ್ಯ ಸಿಗುತ್ತದೆ. ಅಗ್ಗದ ಸಿನಿಮಾದಲ್ಲಿ ಇದು ಸಾಧ್ಯವಾಯಿತು ಅನ್ನುವುದಕ್ಕೇ ನಾನು ಈ ಪ್ರಕಾರವನ್ನು ಕಸದ ಬುಟ್ಟಿಗೆ ಹಾಕಲು ಒಪ್ಪುವುದಿಲ್ಲ. ಕಾಜಿ ಹಾಡಿದ ಈ ಸರಣಿಯ 'ಉರಾಮಿ ಬುಶಿ' ಗೀತೆ ಮೂವತ್ತು ವರ್ಷದ ಮೇಲೆ 'ಕಿಲ್ ಬಿಲ್' ಎಂಬ ಹಾಲಿವುಡ್ ಚಿತ್ರದಲ್ಲಿ ಕೇಳಿ ಜಗತ್ತೆಲ್ಲ ಹರಡಿತು.

ಇಷ್ಟು ಮೆಚ್ಚಿ ಬರೆದ ಮೇಲೆ ನಿಮ್ಮ ಗೆಳತಿಯ ಪಕ್ಷವನ್ನೂ ಹಿಡಿಯಬೇಕು.

ಈ ಚಿತ್ರಗಳಲ್ಲಿ ಎಷ್ಟೋ ಕಡೆ ಕ್ಯಾಮೆರಾ ವಾರ್ಡರಿನ ಜೊತೆ ನಿಂತಿರುತ್ತದೆ. ಬಾಗಿಲ ಸಂದಿಯಿಂದ ನೋಡುತ್ತದೆ. ಹೊಡೆತ ತಿನ್ನುವವಳ ಮುಖ ಬಿಟ್ಟು ಮೈ ತೋರಿಸುತ್ತದೆ. ಅತ್ಯಾಚಾರವನ್ನು ಮಜಾ ಅನ್ನುವಂತೆ ಎಳೆದಾಡಿಸುತ್ತದೆ. ಇದಕ್ಕೆ ಯಾವ ಸಮರ್ಥನೆಯೂ ನನ್ನ ಹತ್ತಿರ ಇಲ್ಲ, ಕೊನೆಯಲ್ಲಿ ಸೇಡು ಬಂತು ಅಂತ ಮೊದಲು ಮಾಡಿದ್ದು ತೊಳೆದು ಹೋಗುವುದಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಅಂದರೆ ರಾಕ್ಷಸಿಯೇ ಅನ್ನುವಂತೆ ಆ ವಾರ್ಡರಮ್ಮನನ್ನು ಮತ್ತೆ ಮತ್ತೆ ಚಿತ್ರಿಸಿ, ಎಷ್ಟು ಜನರ ಬದುಕಿಗೆ ಕಳಂಕ ಹಚ್ಚಿದರೋ. ಇನ್ನು ಫಿಲಿಪೈನ್ಸಿನಲ್ಲಿ ತೆಗೆದ ಚಿತ್ರಗಳಲ್ಲಿ ಆ ನೆಲದ ಹೆಂಗಸರು ಹಿಂದಿನ ಸಾಲಿನಲ್ಲಿ ನಿಂತು ಹೆಸರಿಲ್ಲದೆ ಸಾಯುವವರು. 1972ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಧ್ಯಕ್ಷ ಮಾರ್ಕೋಸ್ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಹೇರಿದ ಮೇಲೂ ಶೂಟಿಂಗ್ ನಡೆದೇ ಇತ್ತು. ಕ್ಯಾಮೆರಾದ ಮುಂದೆ ಸುಳ್ಳು ಕೈದಿಗಳು ಕ್ರಾಂತಿ ಮಾಡುತ್ತಿದ್ದರು, ಸೈನ್ಯದ ಶಿಬಿರಗಳಲ್ಲಿ ನಿಜವಾದವರು ಬಂಧನದಲ್ಲಿದ್ದರು.

ನಮ್ಮಲ್ಲಿ ಇನ್ನೂ ಒಂದು ಕೇಡು ಇತ್ತು, ಬಿಟ್ ಸೇರಿಸುವುದು. ಸಂಬಂಧವೇ ಇಲ್ಲದ ಯಾವುದೋ ಸಿನಿಮಾದ ತುಂಡನ್ನು ಓಡುವ ರೀಲಿನ ನಡುವೆ ಅಂಟಿಸಿ, ಸೆನ್ಸಾರಿನ ಕಣ್ಣು ತಪ್ಪಿಸಿ ತೋರಿಸುವುದು. ಒಮ್ಮೆ ಬಾಡಿಗೆಗೆ ಪಿಕ್ಚರ್ ತಂದವನು ಅಂಗೈಯಗಲದ ಸುರುಳಿಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಅಪ್ಪನ ಮುಂದೆ ಇಟ್ಟ. "ಎರಡು ನಿಮಿಷದ್ದೈತಿ ಅಷ್ಟ, ಸೇರಿಸು" ಅಂದ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಸುತ್ತಿ, ಅವನ ಜೇಬಿನಲ್ಲೇ ತುರುಕಿದರು. "ಈ ಹುಡಿಗಿ ಯಾರಕಿನೋ, ಈ ಪಿಚ್ಚರಿನಾಕಿ ಅಲ್ಲ. ಅಕಿನ್ನ ಇಲ್ಲಿ ತಂದು ಯಾಕ ನಿಲ್ಲಸ್ತಿ?" ಅಂದರು. ಆ ವಾರದ ದುಡ್ಡಿನಲ್ಲಿ ಕಡಿತವಾಯಿತು. ಕಥೆಯೊಳಗಿನ ಹೆಣ್ಣಿಗೂ ಕಥೆ ಕಳೆದುಕೊಂಡ ಮೈಗೂ ಇರುವ ವ್ಯತ್ಯಾಸವನ್ನು ಅಷ್ಟು ಸರಳವಾಗಿ ಹೇಳಿದವರನ್ನು ನಾನು ಆಮೇಲೆ ಯಾವ ವಿಚಾರ ಸಂಕಿರಣದಲ್ಲೂ ಕಾಣಲಿಲ್ಲ. ಒಳ್ಳೆಯ ಸಿನಿಮಾಕ್ಕೂ ಇದೇ ಗತಿ ಬಂದದ್ದುಂಟು. 1978ರಲ್ಲಿ ಐ.ವಿ. ಶಶಿ ತೆಗೆದ ಮಲಯಾಳಂನ 'ಅವಳುಡೆ ರಾವುಕಳ್' ಮೈ ಮಾರಿ ತಮ್ಮನನ್ನು ಓದಿಸುವ ಹೆಣ್ಣಿನ ದುಃಖದ ಕಥೆ. ಕೇರಳದಾಚೆ ಅದನ್ನು 'ಹರ್ ನೈಟ್ಸ್' ಅಂತ ಪೋಸ್ಟರ್ ಹಚ್ಚಿ ಬಿಸಿಬಿಸಿ ಸಿನಿಮಾ ಅನ್ನುವಂತೆ ಮಾರಿದರು.

ಹಾಗಾಗಿ ನಾನು ಹಿಡಿಯುವ ಅಳತೆ ಒಂದೇ: ಈ ಕ್ಷಣ ಕ್ಯಾಮೆರಾ ಯಾರ ಜೊತೆ ನಿಂತಿದೆ? ಒಂದೇ ಸಿನಿಮಾದಲ್ಲಿ ಅದು ಹತ್ತು ಸಲ ಜಾಗ ಬದಲಿಸುತ್ತದೆ. ಜೊನಾಥನ್ ಡೆಮಿ ತಮ್ಮ ಮೊದಲ ಚಿತ್ರವಾಗಿ 1974ರಲ್ಲಿ ತೆಗೆದ 'ಕೇಜ್ಡ್ ಹೀಟ್' ನೋಡಿ. ಇದೇ ಡೆಮಿ ಮುಂದೆ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್'ಗೆ ಆಸ್ಕರ್ ಪಡೆದವರು. ಕಾರ್ಮನ್ ಕರಾರಿನಂತೆ ಸ್ನಾನದ ದೃಶ್ಯ ಇದರಲ್ಲೂ ಇದೆ, ನನಗೆ ಅದು ಬೇಡ. ಆದರೆ ಅದರಲ್ಲಿ ಕೈದಿಗಳು ಗಂಡಸರ ವೇಷ ಹಾಕಿ ಆಟ ಆಡುವ ದೃಶ್ಯವೊಂದಿದೆ. ಮುಂದೆ ಕೂತ ಹೆಂಗಸರು ಹೊಟ್ಟೆ ಹಿಡಿದು ನಗುತ್ತಾರೆ. ಗಾಲಿಕುರ್ಚಿಯಲ್ಲಿ ಕೂತ ಅಧಿಕಾರಿಣಿಗೆ ಮಾತ್ರ ಸಿಟ್ಟು ಏರುತ್ತದೆ. ತಪ್ಪಿಸಿಕೊಳ್ಳಲು ಹೋದದ್ದಕ್ಕಿಂತ ಹೆಚ್ಚಾಗಿ, ಅವರು ಗಂಡಸರಾಗಿ ಆಡಿ ನಕ್ಕದ್ದು ಅವಳನ್ನು ಕೆಣಕಿತು ಅಂತ ನನಗೆ ಅನ್ನಿಸುತ್ತದೆ. ಬಳ್ಳಾರಿಯವರಿಗೆ ಈ ದೃಶ್ಯ ಬೇರೆ ರೀತಿ ತಟ್ಟಬೇಕು. ಸ್ತ್ರೀಪಾತ್ರವನ್ನು ಹೆಂಗಸರೇ ಮಾಡಬೇಕು ಅಂತ ಹಟ ಹಿಡಿದು ಬೈಸಿಕೊಂಡ ಬಳ್ಳಾರಿ ರಾಘವರ ಊರು ಇದು. 1958ರಲ್ಲಿ ಆರ್. ನಾಗರತ್ನಮ್ಮ ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಮೀಸೆ ತಿರುವಿದ ನಾಡು. ಹೆಣ್ಣು ಯಾವ ವೇಷ ಹಾಕಬಹುದು ಅನ್ನುವುದೇ ಜಗಳವಾಗಿದ್ದ ಕಾಲ ನಮಗೆ ದೂರದ್ದೇನಲ್ಲ.

ನೀವು ಪಾಠ ಹೇಳುವವರು, ಅದಕ್ಕೆ ಇನ್ನೊಂದು ಮಾತು. ಈ ಸಿನಿಮಾಗಳಿಂದ ಜೈಲಿನ ಬಗ್ಗೆ ಏನಾದರೂ ಗೊತ್ತಾಯಿತು ಅಂತ ತಿಳಿಯಬೇಡಿ. ನಮ್ಮ ದೇಶದ ಕೈದಿಗಳಲ್ಲಿ ಹೆಂಗಸರು ನೂರಕ್ಕೆ ನಾಲ್ಕರ ಆಸುಪಾಸು. ಗಂಡಸರಿರಲಿ ಹೆಂಗಸರಿರಲಿ, ಒಳಗಿರುವವರಲ್ಲಿ ಬಹುಪಾಲು ವಿಚಾರಣೆ ಮುಗಿಯದವರು. ಅವರ ದಿನ ಹೋಗುವುದು ಹೊಡೆದಾಟದಲ್ಲಲ್ಲ. ಮುಲಾಕಾತ್‌ಗೆ ಯಾರಾದರೂ ಬಂದಾರೆಯೇ, ಜಾಮೀನಿಗೆ ಯಾರಾದರೂ ನಿಂತಾರೆಯೇ ಅಂತ ಕಾಯುವುದರಲ್ಲಿ. ಗಂಡ ಜೈಲಿಗೆ ಹೋದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ಹೆಂಡತಿ ಹೋದರೆ ಬಸ್ಸು ಹತ್ತುವವರು ಕಡಿಮೆ. ಲಾಕಪ್ಪಿನಲ್ಲಿ ಹೆಂಗಸರನ್ನು ಹೆಣ್ಣು ಪೊಲೀಸರೇ ಕಾಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1983ರಲ್ಲಿ, ಪತ್ರಕರ್ತೆ ಶೀಲಾ ಬರ್ಸೆ ಬರೆದ ಕಾಗದದಿಂದ ಶುರುವಾದ ಪ್ರಕರಣದಲ್ಲಿ. ತಾಯಿಯ ಜೊತೆ ಆರು ವರ್ಷದವರೆಗೆ ಮಗು ಇರಬಹುದು, ಅದನ್ನು ಕೈದಿಯಂತೆ ನೋಡಬಾರದು ಅಂತ ಹೇಳಿದ್ದು 2006ರಲ್ಲಿ. ಆ ಮಗು ಆಡುವ ಅಂಗಳ ಯಾವ ಜೈಲು ಪಿಕ್ಚರಿನ ಪೋಸ್ಟರಿನಲ್ಲೂ ಬಂದಿಲ್ಲ.

ನಮ್ಮ ನಾಡಿನ ಒಬ್ಬ ನಟಿಯ ಜೈಲುಕಥೆ ನೀವು ಓದಲೇಬೇಕು. 1970ರ 'ಸಂಸ್ಕಾರ'ದ ಚಂದ್ರಿ, ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ 1976ರಲ್ಲಿ ಅವರನ್ನು ಹಿಡಿದು ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಅವರಿಗೆ ಅಸ್ತಮಾ. ಉಸಿರಿಗೆ ಒದ್ದಾಡುತ್ತಲೇ ಜೊತೆಯ ಹೆಂಗಸರಿಗೆ ಬೀಳುವ ಹೊಡೆತದ ಬಗ್ಗೆ, ಊಟದ ಬಗ್ಗೆ ಜಗಳ ತೆಗೆದರು, ದಿನಚರಿ ಬರೆದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ದಿನಚರಿಯಲ್ಲಿ ಗೇಟು ಮುರಿಯುವ ಕೊನೆಯ ರೀಲು ಇಲ್ಲ. ಅದನ್ನು ಓದಿದ ಮೇಲೆ, ಕೊನೆಯ ರೀಲು ಬೇಕು ಅಂತ ನಮಗೆ ಯಾಕೆ ಅಷ್ಟು ಅನ್ನಿಸುತ್ತದೆ ಅನ್ನುವುದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮೆಚ್ಚಿದ್ದು ತಪ್ಪೇ ಅಂತ ಕೇಳಿದಿರಿ. ತಪ್ಪಲ್ಲ ತಂಗೀ. ಯಾವುದನ್ನು ಮೆಚ್ಚಿದೆ ಅಂತ ನಿಮಗೆ ಗೊತ್ತಿದೆ, ಕೊನೆಯ ಅರ್ಧ ತಾಸು ಅಂತ ನೀವೇ ಬರೆದಿದ್ದೀರಿ. ಮುಂದಿನ ಸಲ 'ಜೈಲ್‌ಹೌಸ್ 41'ರ ಮೊದಲ ಐದು ನಿಮಿಷವನ್ನು ಗೆಳತಿಯ ಜೊತೆ ನೋಡಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಆ ಚಮಚದ ಶಬ್ದಕ್ಕಾಗಿ. ಮುಂದೆ ಹಿಂಸೆಯ ದೃಶ್ಯಗಳಿವೆ ಅಂತ ಅವರಿಗೆ ಮೊದಲೇ ಹೇಳಿಬಿಡಿ. ಅವರು ಎದ್ದು ಹೋದರೆ ಹೋಗಲಿ, ಎಲ್ಲಿ ಎದ್ದರು ಅನ್ನುವುದನ್ನು ಮಾತ್ರ ಗುರುತು ಇಟ್ಟುಕೊಂಡು, ಆಮೇಲೆ ಚಹಾ ಕುಡಿಯುತ್ತ ಆ ಜಾಗದಲ್ಲಿ ಕ್ಯಾಮೆರಾ ಎಲ್ಲಿತ್ತು ಅಂತ ಇಬ್ಬರೂ ಕೂಡಿ ನೋಡಿ.